ಗೋಡೆಯಾಚೆಗೆ ಹೋಗುವ ನಡುಕ

ಎಂಬತ್ತರ ದಶಕದ ಮೊದಲಲ್ಲಿ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ ನಾನು ಹಿಟ್ಟಿನ ಗಿರಣಿ ನಡೆಸುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಕುಷ್ಟಗಿಯಲ್ಲಿ ಇರಲಾಗದೆ ಬಂದವನು. ಗಿರಣಿಯೇ ಮನೆ. ಜನ ಜೋಳದ ಡಬ್ಬಿಗಳನ್ನು ಪಾಳಿಗಿಟ್ಟು ಹೋಗುತ್ತಿದ್ದರು. ನಿಂತವರೂ ಇಂಜಿನ್ನಿನ ಸದ್ದಿನಲ್ಲಿ ಕೈಸನ್ನೆಯಲ್ಲೇ ಮಾತು ಮುಗಿಸುತ್ತಿದ್ದರು. ನನ್ನೊಡನೆ ಬಾಯ್ತುಂಬ ಮಾತಾಡುತ್ತಿದ್ದವಳು ಪಕ್ಕದ ಮನೆಯ ಅಕ್ಕ ಒಬ್ಬಳೇ. ಅದೂ ಬೈಯಲಿಕ್ಕೆ.

ಆಕೆ ಕುಬಸ ಹೊಲಿಯುವವಳು. ಇಬ್ಬರಿಗೂ ನಡುವೆ ಒಂದೇ ಗೋಡೆ, ಆಕೆಯ ಬಾಗಿಲು ಮಾತ್ರ ಹಿಂದಿನ ಓಣಿಗೆ. ಇಂಜಿನ್ ಶುರುವಾದರೆ ಆಕೆಯ ಮಷಿನ್ನು ಕುಣಿದು ಹೊಲಿಗೆ ಸೊಟ್ಟಗಾಗುತ್ತಿತ್ತು.

“ಏ ತಮ್ಮಾ, ಅದನ್ನ ಬಂದ್ ಮಾಡ್ತೀಯೋ, ನಾನ ಬಂದು ಒಡೀಲೋ? ಗ್ವಾಡಿ ಹಾಳಾಗ್ಲಿ, ನನ್ನ ಹಲ್ಲು ಅಲಗಾಡಾಕ ಹತ್ಯಾವು!”

ನನಗೆ ಗೊತ್ತಿದ್ದುದು ಒಂದೇ ವಿದ್ಯೆ, ಅಲುಗಾಡಿದ್ದನ್ನು ಬಿಗಿಯುವುದು. ಬೋಲ್ಟು ಬಿಗಿದೆ. ಸಾಲದೆಂದು ಇಂಜಿನ್ನಿಗೂ ಗೋಡೆಗೂ ನಡುವೆ ಜಾಲಿಯ ತೊಲೆ ಬಡಿದೆ. ಇಂಜಿನ್ನಿನ ಕುಣಿತ ನಿಂತಿತು, ಆದರೆ ಆಕೆಯ ಮನೆಯ ಗೋಡೆಯ ಮಾಡದಲ್ಲಿದ್ದ ನೀರಿನ ಚರಿಗೆ ಕೆಳಗೆ ಬಿತ್ತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಗಂಗಾವತಿಯ ಅಕ್ಕಿ ಗಿರಣಿಯ ಫಿಟ್ಟರೊಬ್ಬ ಬಂದು ನೋಡಿ ನಕ್ಕ. “ಬಿಗಿದಷ್ಟೂ ನಡುಕ ಗ್ವಾಡಿಗೆ ಹೋಗ್ತೈತ್ರಿ. ಇಂಜಿನ್ನ ಬ್ಯಾರೆ ಮಾಡ್ರಿ.” ತೊಲೆ ಕಿತ್ತೆವು. ಇಂಜಿನ್ ಕೂತ ಕಟ್ಟೆಯ ಸುತ್ತ ಗೇಣಗಲ ಅಗೆದು, ಆ ಸಂದಿಗೆ ಹಳ್ಳದ ಮರಳು ತುಂಬಿದೆವು. ಇಂಜಿನ್ನಿನ ಕಾಲಡಿಗೆ ಹಳೆಯ ಲಾರಿ ಟೈರಿನ ತುಂಡು ಕೊಟ್ಟೆವು.

ಮರುದಿನ ಅಕ್ಕ ಬಂದು, “ಈಗ ಭಾಳ ಛಲೋ ಆತು ನೋಡಪಾ, ಸೂಜಿ ಮಿಸುಕಂಗಿಲ್ಲ” ಎಂದು ಹೋದಳು. ಆಮೇಲೆ ಬರಲೇ ಇಲ್ಲ. ಬರಲು ಕಾರಣವಾದರೂ ಏನಿತ್ತು? ಬೈಗುಳಕ್ಕಾಗಿ ನನ್ನಷ್ಟು ಹಂಬಲಿಸಿದ ಗಂಡಸು ಇನ್ನೊಬ್ಬನಿರಲಿಕ್ಕಿಲ್ಲ. ನಾನೇ ಹೋಗಿ ಮಾತಾಡಿಸಬಹುದಿತ್ತು. ಒಂಟಿ ಗಂಡಸು, ಒಂಟಿ ಹೆಂಗಸು, ಊರ ಬಾಯಿಗೆ ಹೆದರಿದೆ.

ಎರಡು ತಿಂಗಳು ತಡೆದು, ಒಂದು ಬೆಳಿಗ್ಗೆ ಮರಳು ತೋಡಿ ತೆಗೆದು ಸಂದಿಗೆ ಕಲ್ಲು ಜಡಿದೆ, ಟೈರಿನ ತುಂಡುಗಳನ್ನೂ ಕಿತ್ತೆ. ಇಂಜಿನ್ ಹಚ್ಚಿದೆ. ಗೋಡೆ ನಡುಗಿತು. ಬಾಗಿಲ ಕಡೆ ನೋಡುತ್ತ ಕೂತೆ. ಆಕೆ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಹೆದರಿಕೆಯಾಗಿ ಇಂಜಿನ್ ನಿಲ್ಲಿಸಿ, ಸುತ್ತಿ ಹಿಂದಿನ ಓಣಿಗೆ ಹೋದೆ. ಆಕೆಯ ಬಾಗಿಲಿಗೆ ಬೀಗ.

ಎದುರು ಮನೆಯ ಹೆಂಗಸು ಹೇಳಿದಳು: “ಆಕಿ ಹಿಟ್ನಾಳಕ್ಕ ಮಗಳ ಮನಿಗೆ ಹೋಗಿ ಹದಿನೈದು ದಿನ ಆತಲ್ರಿ. ಇನ್ನ ಅಲ್ಲೇ ಇರ್ತಾಳಂತ. ನಿಮ್ದು ಒಂದ ಗ್ವಾಡಿ, ಗೊತ್ತಿಲ್ಲೇನ್ರಿ?”

ಮೂರು ದಿನ ಖಾಲಿ ಮನೆಯನ್ನು ನಡುಗಿಸಿದ್ದ ನಾನು, “ಗೊತ್ತೈತ್ರಿ” ಎಂದು ಸುಳ್ಳು ಹೇಳಿ ಬಂದೆ.