ಅಕ್ಕಲಕೋಟೆಗೆ ಬಿಟ್ಟು ಬಂದ ಪಾರಿವಾಳಗಳು

ಏಳು ಮರಿಗಳು ಸತ್ತವು. ಉಪಾಯ ನನ್ನದು.

ಇದನ್ನು ಬರೆಯದೆ ಮುಚ್ಚಿಡಬಹುದಿತ್ತು. ಬೇರೇನಾದರೂ ಗೀಚಿ ಈ ವಾರದ ಅಂಕಣದ ಜಾಗ ತುಂಬಿಸಬಹುದಿತ್ತು. ಆದರೆ ಬುಧವಾರ ಬೆಳಿಗ್ಗೆ ನೋಡಿದ್ದು ಕಣ್ಣೆದುರಿನಿಂದ ಹೋಗುತ್ತಿಲ್ಲ. ಊಟಕ್ಕೆ ಕೂತರೂ ಅದೇ, ಶಾಲೆಯಲ್ಲಿ ಪಾಠ ಹೇಳುತ್ತಿದ್ದರೂ ಅದೇ. ನಿಮಗೆ ಹೇಳದೆ ಇನ್ನಾರಿಗೆ ಹೇಳಲಿ?

ನನ್ನ ಸ್ನೇಹಿತರಾದ ಶಿವಲಿಂಗಪ್ಪನವರಿಗೆ ಸೊಲ್ಲಾಪುರದ ಪೇಟೆಯಲ್ಲಿ ನೂಲಿನ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಅಂಗಳ. ಅಂಗಡಿಯ ಮೇಲಿನ ಅಟ್ಟದ ತುಂಬ ಪಾರಿವಾಳ. ತಾಯಿ ತೀರಿಕೊಂಡ ಮೇಲೆ ಅವರು ಒಂದು ನೇಮ ಹಿಡಿದಿದ್ದಾರೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ತಾಯಿಯ ಹೆಸರಿನಲ್ಲಿ ಒಂದು ಸೇರು ಜೋಳ ಅಂಗಳಕ್ಕೆ ಚೆಲ್ಲುತ್ತಾರೆ. ಹಕ್ಕಿ ತಿಂದ ಮೇಲೆಯೇ ಅವರು ಚಹಾ ಮುಟ್ಟುವುದು.

ಪಾರಿವಾಳಕ್ಕೆ ಇನ್ನೇನು ಬೇಕು? ಹೊಟ್ಟೆ ತುಂಬ ಕಾಳು, ತಲೆಯ ಮೇಲೆ ಸೂರು. ಸಂಸಾರ ಬೆಳೆಯಿತು. ಅಟ್ಟ ಸಾಲದೆ ಗೋದಾಮಿಗೂ ಇಳಿದವು. ಮಗ್ಗದವರು ನೂಲಿನ ಗಂಟು ವಾಪಸ್ ತಂದು ಕಟ್ಟೆಯ ಮೇಲೆ ಒಗೆಯತೊಡಗಿದರು. ಬಿಳಿ ನೂಲಿನ ಮೇಲೆಲ್ಲ ಹಿಕ್ಕೆ!

ಪಕ್ಕದ ಅಂಗಡಿಯವರು ಸಲಹೆ ಕೊಟ್ಟರು. ‘ಕಾಳಿನಾಗ ಇಷ್ಟು ವಿಷಾ ಕಲಸ್ರಿ. ಎರಡು ದಿನದಾಗ ಕಾಮ್ ಖಲಾಸ್.’

ಶಿವಲಿಂಗಪ್ಪನವರ ಮುಖ ಬಿಳಿಚಿಕೊಂಡಿತು. ‘ಅವ್ವನ ಹೆಸರ್ಲೆ ಹಾಕೋ ಕಾಳಿಗೆ ವಿಷಾ ಬೆರಸಲೇನ್ರಿ, ಮಾಸ್ತರ?’ ಎಂದು ನನ್ನನ್ನು ಕೇಳಿದರು.

ಇಂಥ ಹೊತ್ತಿನಲ್ಲಿ ಮಾಸ್ತರು ಸುಮ್ಮನಿರುತ್ತಾರೆಯೇ? (ಗೊತ್ತಿಲ್ಲದ್ದನ್ನು ಹೇಳಿಕೊಡುವುದು ನಮ್ಮ ವೃತ್ತಿಯ ರೋಗ.) ‘ಕೊಲ್ಲೂದು ಯಾಕ್ರಿ? ಹಿಡದು ಅಕ್ಕಲಕೋಟಿಗೆ ಒಯ್ದು ಬಿಟ್ಟು ಬರೂಣು. ನಮ್ಮ ಅಕ್ಕನ ಊರು. ಕೆರಿ ಐತಿ, ಸುತ್ತಲೂ ಹೊಲ ಅದಾವ. ಇಲ್ಲಿ ಅಟ್ಟದ ಬೆಳಕಿಂಡಿಗೆ ಹಲಗಿ ಹೊಡಸ್ರಿ. ಒಂದು ಹನಿ ರಕ್ತ ಬೀಳಂಗಿಲ್ಲ’ ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನನಗೆ ಎಷ್ಟು ಹಿಗ್ಗು!

ಅದೇ ಓಣಿಯ ಕೊನೆಯಲ್ಲಿ ದಸ್ತಗೀರಸಾಬರಿದ್ದಾರೆ. ಮಿಲ್ಲಿನ ಕೆಲಸ, ಮಾಳಿಗೆಯ ಮೇಲೆ ಪಾರಿವಾಳ ಸಾಕುವ ಶೋಕು. ‘ಅವರನ್ನೊಂದು ಮಾತು ಕೇಳೂಣೇನು?’ ಎಂದರು ಶಿವಲಿಂಗಪ್ಪನವರು. ನಾನು ನಕ್ಕೆ. ‘ಅವರ ಕೈಗೆ ಕೊಟ್ರ ಸೀದಾ ಗಡಗಿಯೊಳಗ ಹೋಗ್ತಾವ’ ಎಂದೆ. ಆ ಮಾತನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸೋಮವಾರ ಬೆಳಿಗ್ಗೆ ಎಂದಿನಂತೆ ಜೋಳ ಚೆಲ್ಲಿದೆವು. ಹಕ್ಕಿಗಳು ಎಂದಿನಂತೆ ನಂಬಿ ಇಳಿದವು. ಮೇಲಿಂದ ಹಳೆಯ ಸೊಳ್ಳೆಪರದೆ ಬೀಸಿದೆವು. ನಾಲ್ಕು ಬುಟ್ಟಿ ತುಂಬಿದವು. ಅತ್ತ ಬಡಿಗೇರ ಏಣಿ ಹಾಕಿ, ಒಳಗೆ ಉಳಿದವನ್ನು ಬೆಳಕಿಂಡಿಯಿಂದಲೇ ಕೋಲಾಡಿಸಿ ಹೊರಗೆ ಹಾರಿಸಿ, ಹಲಗೆ ಜಡಿದ. ಅಟ್ಟ ಹತ್ತಿ ನೋಡಿದವರು ಯಾರೂ ಇಲ್ಲ. ಅದರ ಬಾಗಿಲಿಗೆ ನೂಲಿನ ಗಂಟು ಒಟ್ಟಿತ್ತು, ಸರಿಸುವವರು ಯಾರು?

ರೈಲು ಹೋಟಗಿಯಲ್ಲಿ ನಿಂತಾಗ ಪಕ್ಕದವರೊಬ್ಬರು ‘ಬುಟ್ಟ್ಯಾಗ ಕೋಳಿ ಏನ್ರಿ?’ ಎಂದು ಕೇಳಿದರು. ‘ಅಲ್ರಿ, ಜೀವದಾನ’ ಎಂದೆ. ಹಾಗೆಯೇ ಅಂದೆ, ಮಾರಾಯರೆ.

ಅಕ್ಕಲಕೋಟೆಯ ಕೆರೆಯ ದಂಡೆಯಲ್ಲಿ ಮಧ್ಯಾಹ್ನ ಮೂರಕ್ಕೆ ಬುಟ್ಟಿ ಬಿಚ್ಚಿದೆವು. ಹಕ್ಕಿಗಳು ಮೇಲೆದ್ದು ಒಂದು ಸುತ್ತು ಹಾಕಿ ಪಡುವಣಕ್ಕೆ ತಿರುಗಿದವು. ಶಿವಲಿಂಗಪ್ಪನವರು ಕೈ ಮುಗಿದರು. ‘ಜಾಗಾ ಮನಸ್ಸಿಗೆ ಬಂತು ಕಾಣಸ್ತೈತಿ’ ಎಂದೆ ನಾನು. ಅಕ್ಕ ಹೋಳಿಗೆ ಮಾಡಿದ್ದಳು. ಮರುದಿನವೂ ಬಿಡಲಿಲ್ಲ. ಗುಡಿಯಲ್ಲಿ ದರ್ಶನ ಮುಗಿಸಿ, ಇನ್ನೊಂದು ಹೊತ್ತು ಹೋಳಿಗೆ ಉಂಡು, ಬುಧವಾರ ಬೆಳಿಗ್ಗೆ ಸೊಲ್ಲಾಪುರಕ್ಕೆ ಬಂದೆವು.

ಅಂಗಡಿಯ ಮಾಳಿಗೆಯಂಚಿನಲ್ಲಿ ಸಾಲಾಗಿ ಕೂತಿದ್ದವು. ಅವೇ ಪಾರಿವಾಳಗಳು!

ಶಿವಲಿಂಗಪ್ಪನವರು ಒಂದು ಕ್ಷಣ ನಕ್ಕೇಬಿಟ್ಟರು. ‘ಅವ್ವನ ಕಾಳಿನ ಋಣಾ ನೋಡ್ರಿ’ ಎಂದರು. ಆಗ ಅವರ ಹೆಂಡತಿ ಗೌರವ್ವ ಹೊರಗೆ ಬಂದರು. ಮುಖ ಬಾಡಿತ್ತು.

‘ಸೋಮವಾರ ಸಂಜಿಕನs ಬಂದಾವ್ರಿ. ಎರಡು ದಿನಾ ಆತು, ಕಾಳು ಮುಟ್ಟವಲ್ಲವು. ಹೋಗಿ ಹೋಗಿ ಹಲಗಿಗೆ ಬಡಕೋತಾವ. ಅಟ್ಟದಾಗ ಏನೋ ಚಿಂವ್ ಚಿಂವ್ ಅಂತೈತಿ ಅಂತ ಗುಮಾಸ್ತರಿಗೆ ಹೇಳಿದೆ. ಇಲಿ ಇರಬೇಕು ಬಿಡ್ರಿ ಬಾಯಿ ಅಂದ್ರು.’

‘ಈಗೂ ಅಂತೈತೇನು?’ ಎಂದೆ.

‘ಈಗ ಸಪ್ಪಳ ಇಲ್ರಿ.’

ನೂಲಿನ ಗಂಟನ್ನು ಎಳೆದು ಚೆಲ್ಲಿ ಬಾಗಿಲು ತೆಗೆದೆವು. ತೊಲೆಯ ಸಂದಿನಲ್ಲಿ, ಗೋಡೆಯ ಗೂಡಿನಲ್ಲಿ ಮರಿಗಳು. ಸತ್ತವುಗಳ ಕೊಕ್ಕು ತೆರೆದೇ ಇತ್ತು. ಎರಡು ಮರಿಗಳು ಹಲಗೆಯ ಸಂದಿನಿಂದ ಬೆಳಕು ಬೀಳುವ ಜಾಗದವರೆಗೆ ತೆವಳಿ ಬಂದು ಅಲ್ಲಿಯೇ ಸತ್ತಿದ್ದವು. ಹಲಗೆ ಕಿತ್ತರೆ ಅದರ ಹೊರಮೈಗೆ ಪುಕ್ಕ, ಒಣಗಿದ ರಕ್ತ. ಒಂದು ಹನಿಯೂ ಬೀಳುವುದಿಲ್ಲ ಅಂದಿದ್ದೆನಲ್ಲ?

ನಾವು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಹೊತ್ತಿಗೆ ಇವು ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ನಾನು ಅಟ್ಟದ ಧೂಳಿನಲ್ಲಿಯೇ ಕೂತುಬಿಟ್ಟೆ.

ಪುಕ್ಕ ಬಲಿತ ನಾಲ್ಕು ಮರಿಗಳಲ್ಲಿ ಇನ್ನೂ ಜೀವವಿತ್ತು. ಗೌರವ್ವ ಯಾರನ್ನೂ ಕೇಳದೆ ತಲೆಯ ಮೇಲೆ ಸೆರಗು ಎಳೆದುಕೊಂಡು ದಸ್ತಗೀರಸಾಬರ ಮನೆಗೆ ನಡೆದರು. ಸಾಬರು ಊಟ ಬಿಟ್ಟು ಎದ್ದು ಬಂದರು. ಜೋಳ ನೆನೆಯುವವರೆಗೆ ಕಾಯದೆ ತಾವೇ ಕಾಳು ಅಗಿದರು. ಮರಿಯ ಕೊಕ್ಕನ್ನು ತಮ್ಮ ತುಟಿಗೆ ಹಚ್ಚಿಕೊಂಡು ಒಂದೊಂದಕ್ಕೂ ಉಣಿಸಿದರು. ಮಡಿವಂತ ಶಿವಲಿಂಗಪ್ಪನವರು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದೆ.

‘ಮಾಸ್ತರ, ಕಬೂತರ ಮನಿ ಮರೆಯಂಗಿಲ್ರಿ’ ಎಂದರು ಸಾಬರು. ‘ನಾವು ಶರ್ತು ಹಚ್ಚಿ ರಾಯಚೂರಿಂದ ಬಿಡ್ತೀವಿ, ಅಲ್ಲಿಂದ ಸುದ್ದಾ ಬರ್ತಾವ. ನಿಮ್ಮ ಅಕ್ಕಲಕೋಟಿ ಏನು, ಪಕ್ಕದ ಓಣಿ. ನನ್ನ ಒಂದು ಮಾತು ಕೇಳಿದ್ರ ಏನಾಗ್ತಿತ್ತು?’

‘ತಪ್ಪಾತ್ರಿ’ ಎಂದೆ.

ಆಮೇಲೆ ಅವರೇ ದಾರಿ ಹೇಳಿದರು. ‘ಹೊಸಾ ತತ್ತಿ ಇಟ್ಟ ದಿನಾನೇ ತಗೀರಿ. ಆದ್ರ ಗೂಡು ಖಾಲಿ ಬಿಡಬ್ಯಾಡ್ರಿ, ಖಾಲಿ ಕಂಡ್ರ ಮತ್ತ ಇಡ್ತೈತಿ. ಸುಣ್ಣದ ತತ್ತಿ ಮಾಡಿ ಇಡ್ರಿ. ಇಪ್ಪತ್ತು ದಿನಾ ಕೂತು, ಬ್ಯಾಸರಾಗಿ ತಾನs ಎದ್ದು ಹೋಗ್ತೈತಿ. ಇದ್ದ ಮರಿ ಹಾರೂತನಕಾ ಹಲಗಿ ಹೊಡೀಬ್ಯಾಡ್ರಿ, ಗೋದಾಮಿಗೆ ಇಳಿಯೋ ದಾರಿಗೆ ತಂತಿ ಜಾಳಿ ಹಚ್ಚ್ರಿ, ಸಾಕು. ಮತ್ತ ಸಾವಕಾರ್ರ, ಕಾಳು ಕಡಿಮಿ ಮಾಡ್ರಿ. ನೀವು ಹಾಕಿದ ಸೇರs ಅಟ್ಟದ ಮ್ಯಾಲೆ ಮರಿ ಆಗೇತಿ.’

ಅಷ್ಟೂ ಹೊತ್ತು ತಲೆಯಾಡಿಸುತ್ತಿದ್ದ ಶಿವಲಿಂಗಪ್ಪನವರು ಕೊನೆಯ ಮಾತಿಗೆ ಬಿಗಿಯಾದರು. ‘ಅವ್ವನ ಹೆಸರಿಂದು ಹೆಂಗ ಕಡಿಮಿ ಮಾಡ್ಲಿ?’

ಗೌರವ್ವ ಮೆಲ್ಲಗೆ ಹೇಳಿದರು. ‘ಅತ್ತಿಯವರು ಬದುಕಿದ್ದಾಗ ಒಂದು ಹಿಡಿ ಹಾಕ್ತಿದ್ರು. ಸೇರು ಮಾಡಿದವರು ನೀವು.’

ನಮ್ಮ ಪುಣ್ಯಕ್ಕೆ ಅಳತೆ ಹಾಕಿದವರು ನಾವೇ. ಅದನ್ನು ಹೆಚ್ಚಿಸಿಕೊಂಡು ಹಿಗ್ಗಿದವರೂ ನಾವೇ. ಭಾರ ಹೊತ್ತದ್ದು ಮಾತ್ರ ಹಕ್ಕಿ.

ನಾವು ಬೆಳಕಿಂಡಿಯ ಹತ್ತಿರದಿಂದ ಸರಿದ ಮೇಲೆ ದೊಡ್ಡ ಹಕ್ಕಿಗಳು ಒಳಗೆ ನುಗ್ಗಿದವು. ಮರಿ ಬದುಕಿದ್ದ ಹಕ್ಕಿಗಳು ತಮ್ಮ ಮರಿಯ ಹತ್ತಿರ ಹೋದವು. ಮರಿ ಕಳೆದುಕೊಂಡ ಒಂದು ಪಾರಿವಾಳ ನಾವು ಖಾಲಿ ಮಾಡಿದ್ದ ಗೂಡಿನ ಮುಂದೆ ನಿಂತಿತು. ಒಳಗೆ ಹೋಯಿತು, ಹೊರಗೆ ಬಂದಿತು, ಮತ್ತೆ ಒಳಗೆ ಹೋಯಿತು. ನಾನು ಅಟ್ಟ ಇಳಿದು ಮನೆಗೆ ಬಂದೆ.

ಗುರುವಾರದಿಂದ ಅಂಗಳಕ್ಕೆ ಒಂದೇ ಹಿಡಿ ಜೋಳ ಬೀಳುತ್ತಿದೆ. ಸುಣ್ಣದ ತತ್ತಿಗಳು ಕಟ್ಟೆಯ ಮೇಲೆ ಒಣಗುತ್ತಿವೆ.

ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿದೆ. ನಿನ್ನೆ ಬಟ್ಟೆ ವ್ಯಾಪಾರಿಯೊಬ್ಬರು ನನ್ನನ್ನು ದಾರಿಯಲ್ಲಿ ತಡೆದು, ಸತ್ತ ಮರಿಗಳ ಬಗ್ಗೆ ಒಂದು ಮಾತೂ ಆಡದೆ, ‘ಅಕ್ಕಲಕೋಟಿ ಹತ್ರ ಆತು ಬಿಡ್ರಿ ಮಾಸ್ತರ. ಗುಂತಕಲ್ಲಿಗೆ ಬಿಟ್ರ ಹೆಂಗ?’ ಎಂದು ಕೇಳಿದರು.

ಯಾವ ಊರಿಗಾದರೂ ಬಿಡಿ ಸ್ವಾಮಿ. ಗೂಡಿನೊಳಗೆ ಕೈ ಹಾಕಿ ನೋಡಿದ್ದೀರಾ?