ಗುರುವಾರ ಅವ್ವನ ಪಾಳಿ

ಜೂನ್ ಹನ್ನೊಂದು, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ. ಬೆಂಗಳೂರು ವಿಜಯನಗರದ ಒಂದು ಸ್ಕ್ಯಾನಿಂಗ್ ಸೆಂಟರಿನ ಅರೆಗತ್ತಲ ಕೋಣೆಯಲ್ಲಿ, ಅಕ್ಟೋಬರ್ ಕೊನೆಗೆ ಹುಟ್ಟಬೇಕಾದ ನನ್ನ ಕೂಸಿನ ಅಂಗಾಲನ್ನು ನೋಡಿದೆ. ಮುಖ ಇನ್ನೂ ನೋಡಿರಲಿಲ್ಲ.

"ಇದು ಎಡಗಾಲಿನ ಮೂಳೆ, ಕಾಣ್ತಾ ಇದೆಯಾ?" ಎಂದರು ಡಾಕ್ಟರಮ್ಮ. "ಇದರ ಜೊತೆಗೇ ಅಂಗಾಲೂ ಕಾಣಬಾರದು. ಇಲ್ಲಿ ಕಾಣ್ತಾ ಇದೆ. ಅಂದ್ರೆ ಪಾದ ಒಳಗಡೆ ತಿರುಗಿದೆ. ಬೆನ್ನುಮೂಳೆ, ಹೃದಯ ಎಲ್ಲಾ ಚೆನ್ನಾಗಿದೆಯಮ್ಮ. ಹುಟ್ಟಿದ ಮೇಲೆ ಪ್ಲಾಸ್ಟರ್ ಹಾಕಿ ಸರಿ ಮಾಡ್ತಾರೆ. ಗಾಬರಿ ಆಗ್ಬೇಡಿ."

ಬಾಗಲಕೋಟೆ ಕಡೆಯ ನಮ್ಮೂರು ಗುಳೇದಗುಡ್ಡದಲ್ಲಿ ಕೂಸಿನ ಸುದ್ದಿ ಕೂಸಿನ ಸಂಗಡವೇ ಬರುತ್ತದೆ. ಇಲ್ಲಿ ನಾಲ್ಕು ತಿಂಗಳು ಮೊದಲೇ ಬಂದು ಮನೆಯಲ್ಲಿ ಕೂತುಕೊಂಡಿತು. ಅದಕ್ಕೆ ಏನು ಮಾಡಬೇಕೆಂದು ಅಲ್ಲಿಯವರು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ನಾನು ಮತ್ತು ನನ್ನ ಗಂಡ ಸಂಗಮೇಶ ಬ್ಯಾಡರಹಳ್ಳಿಗೆ ಬಂದು ಒಂದೂವರೆ ವರ್ಷವಾಯಿತು. ಅವರು ಕಾಮಾಕ್ಷಿಪಾಳ್ಯದ ಒಂದು ಲೇತ್ ಕಾರ್ಖಾನೆಯಲ್ಲಿದ್ದಾರೆ. ನಾನು ವಿಜಯನಗರದ ಸೀರೆ ಅಂಗಡಿಯಲ್ಲಿ ಸ್ಟಾಕ್ ಬರೆಯುತ್ತಿದ್ದೆ. ತಾರೀಖು ಹಾಕಿ ಬರೆಯುವುದು ನನಗೆ ಶಾಲೆಯಿಂದಲೇ ಬಂದ ಚಟ. ಬಂದ ಹೊಸತರಲ್ಲಿ, ಇಲ್ಲಿ ಕಲಿತದ್ದನ್ನು ದಿನಕ್ಕೊಂದರಂತೆ ಬರೆದಿಟ್ಟೆ. ಮೊದಲನೆಯದು 'ಸಂಪು': ಮನೆಯ ಅಂಗಳದ ಕೆಳಗೆ ಹೂತ ನೀರಿನ ತೊಟ್ಟಿ. ಎರಡನೆಯದು 'ಸೋಲಾರ್': ಮಾಳಿಗೆಯ ಮೇಲೆ ಬಿಸಿಲಿಗೆ ಕಾಯುವ ನೀರು. ಊರಲ್ಲಿ ಬಚ್ಚಲ ಹಂಡೆಯ ಕೆಳಗೆ ಕಟ್ಟಿಗೆ ಉರಿಯುತ್ತದೆ, ನೀರು ಮನೆಯ ಎಲ್ಲರಿಗೂ ಕಾದಿರುತ್ತದೆ. ಇಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲ ಬುಡದಿಂದ ಕೂಗುತ್ತಾರೆ: "ಏಳು ಗಂಟೆ ಒಳಗೆ ಹಿಡ್ಕೊಮ್ಮಾ ಸಾವಿತ್ರಿ, ಆಮೇಲೆ ತಣ್ಣೀರೇ ಗತಿ! ಮೋಡ ಇದ್ರೆ ನನ್ನ ಬೈಬೇಡ, ಸೂರ್ಯನ್ನ ಬೈಕೋ!"

ಗೆದ್ದದ್ದೂ ಇದೆ. ಸುಂಕದಕಟ್ಟೆಯಲ್ಲಿ ಬಿಳಿಜೋಳ ಬೀಸಿಕೊಡುವ ಗಿರಣಿ ಸಿಕ್ಕಿತು. ಓನರ್ ಆಂಟಿ ನನ್ನ ಶೇಂಗಾ ಚಟ್ನಿಯನ್ನು ಮುದ್ದೆಗೆ ಹಚ್ಚಿಕೊಂಡು ತಿಂದು, ಡಬ್ಬಿ ಮರಳಿ ಕೊಡಲೇ ಇಲ್ಲ.

ಸ್ಕ್ಯಾನಿನ ಸಂಜೆಯೇ ಅವ್ವನಿಗೆ ಫೋನ್ ಮಾಡಿದೆ. ಆಕೆ ಪೂರಾ ಕೇಳಿಸಿಕೊಂಡಳು.

"ಇಷ್ಟ ಹೌದಿಲ್ಲೋ?" ಎಂದಳು. "ನೀ ಇಲ್ಲಿ ಬಾ. ದಿನಾ ಎಣ್ಣಿ ಹಚ್ಚಿ, ಬಿಸಿನೀರ ಎರದ, ತಿಂಗಳದಾಗ ಕಾಲ ನೆಟ್ಟಗ ಮಾಡತೀನಿ."

ಅವ್ವನ ಮಾತು ಬರೀ ಜಂಬವಲ್ಲ. ನಮ್ಮ ಓಣಿಯಲ್ಲಿ ಎಳೆ ಕೂಸಿಗೆ ಎರೆಯಲು ಆಕೆಯನ್ನೇ ಕರೆಯುತ್ತಾರೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ನೀಡಿ, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ, ಕಡಲೆಹಿಟ್ಟು, ನೀರು, ಕೊನೆಗೆ ಲೋಬಾನದ ಹೊಗೆ. ನಾನು ಎಣಿಸಿ ಬರೆದಿಟ್ಟ ಮಟ್ಟಿಗೆ ಇಪ್ಪತ್ತಾರು ಕೂಸು. ಇಪ್ಪತ್ತೇಳನೆಯದು ಮಗಳದಾಗಬೇಕೆಂದು ಆಕೆ ಕಾದಿದ್ದಳು.

ಮುಂದಿನ ವಾರ ರಾಜಾಜಿನಗರದ ಆಸ್ಪತ್ರೆಯೊಂದರ ಮೂಳೆ ಡಾಕ್ಟರ್ ಬಿಡಿಸಿ ಹೇಳಿದರು. ಹುಟ್ಟಿ ಒಂದೆರಡು ವಾರಕ್ಕೆ ಶುರು. ಪ್ರತಿ ಗುರುವಾರ ಪಾದವನ್ನು ಸ್ವಲ್ಪ ಸ್ವಲ್ಪ ತಿದ್ದಿ, ಬೆರಳ ತುದಿಯಿಂದ ತೊಡೆಯವರೆಗೆ ಹೊಸ ಪ್ಲಾಸ್ಟರ್. ಐದೋ ಆರೋ ಏಳೋ ಆಗಬಹುದು. ಹಿಮ್ಮಡಿಯ ನರ ಸಡಿಲಿಸಲು ಒಂದು ಸಣ್ಣ ಕೊಯ್ತ ಬೇಕಾಗಬಹುದು. ಆಮೇಲೆ ಎರಡು ಬೂಟುಗಳ ನಡುವೆ ಪಟ್ಟಿ ಇರುವ ಜೋಡು. ಮೊದಲು ಹಗಲೂ ರಾತ್ರಿ, ನಂತರ ಕೆಲವು ವರ್ಷ ಮಲಗುವಾಗ ಮಾತ್ರ.

"ಎಣ್ಣೆ ತಿಕ್ಕಿದ್ರೆ ಆಗಲ್ವಾ ಸಾರ್?" ಎಂದೆ.

"ಆಗಲ್ಲಮ್ಮ. ಜೋರಾಗಿ ತಿರುಗಿಸಿದ್ರೆ ಎಳೇ ಮೂಳೆಗೆ ಪೆಟ್ಟು. ಪ್ಲಾಸ್ಟರ್‌ಗೆ ನೀರೂ ತಾಕಬಾರದು."

ಪ್ಲಾಸ್ಟರ್ ಬಾಗಲಕೋಟೆಯಲ್ಲೂ ಹಾಕುತ್ತಾರೆ, ಅದನ್ನೂ ವಿಚಾರಿಸಿದೆ. ಆದರೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದರೆ ಕಾಲಿಗೆ ಪ್ಲಾಸ್ಟರ್ ಇರುವ ದಿನಗಳಲ್ಲೂ ಹಂಡೆ ಕಾಯುತ್ತಲೇ ಇರುತ್ತದೆ. ಅವ್ವನ ಬಚ್ಚಲಲ್ಲಿ ನಿಂತು ಅವ್ವನಿಗೆ ಬೇಡ ಎನ್ನುವ ಶಕ್ತಿ ನನಗಿಲ್ಲ. ಆ ಕಾಲು ಸರಿಹೋಗುವುದು ನಾನು ಬೇಡ ಎನ್ನುವುದರ ಮೇಲೆಯೇ ನಿಂತಿತ್ತು. ಹೆರಿಗೆ ಇಲ್ಲೇ ಎಂದು ನಿಶ್ಚಯಿಸಿದೆ. ಸಂಗಮೇಶ ಒಪ್ಪಿದರು, ಒಂದೇ ಷರತ್ತು ಹಾಕಿದರು: "ನಿಮ್ಮವ್ವಗ ನೀನ ಹೇಳು. ನನ್ನ ಕಡಿಂದ ಆಗೂದಿಲ್ಲ."

ಹೇಳಿದೆ.

"ಚೊಚ್ಚಲ ಹೆರಿಗಿ ತವರಮನಿ ಬಿಟ್ಟ ಮಾಡ್ತಾರೇನ? ಮಂದಿ ಏನಂದಾರು? ನಮ್ಮನ್ಯಾಗ ಬಚ್ಚಲಿಲ್ಲೇನ?"

"ಬಚ್ಚಲ ಐತಿ ಅಂತನ ಬರವಲ್ಲೆ, ಅವ್ವಾ" ಎಂದೆ.

ಫೋನ್ ಇಟ್ಟಳು. ದಿನಾ ಮಾತಾಡುತ್ತಿದ್ದ ಅವ್ವ ಜುಲೈ ತಿಂಗಳಿಡೀ ಫೋನ್ ಮಾಡಲಿಲ್ಲ. ಅಪ್ಪ ಮಾಡುತ್ತಿದ್ದ, ಊಟ ಆತೇನ, ಮಳಿ ಐತೇನ, ಅಷ್ಟೇ. ಹಿಂದಿನಿಂದ ಪಾತ್ರೆ ಸದ್ದು ಕೇಳುತ್ತಿತ್ತು. ಅವ್ವ ಅಲ್ಲೇ ಇದ್ದಳು. ಇಲ್ಲಿ ಒಂಟಿತನವೆಂದರೆ ಮಾತಾಡುವವರಿಲ್ಲದಿರುವುದು ಎಂದುಕೊಂಡಿದ್ದೆ. ಆ ಪಾತ್ರೆ ಸದ್ದು ಕೇಳಿದ ಮೇಲೆ, ಮಾತಾಡಬೇಕಾದವರು ಅಲ್ಲೇ ಇದ್ದೂ ಮಾತಾಡದಿರುವುದು ಎಂದು ತಿಳಿಯಿತು.

ಆಗಸ್ಟ್ ಇಪ್ಪತ್ತೊಂದು, ಬುಧವಾರ, ಏಳನೇ ತಿಂಗಳ ಕುಬಸಕ್ಕೆ ಅವ್ವ ಬಂದಳು. ಇಲ್ಲಿಯವರು ಸೀಮಂತ ಎನ್ನುವುದೇ ನಮ್ಮ ಕಡೆಯ ಕುಬಸ. ಹಸಿರು ಸೀರೆ, ಖಣ, ಬಳೆ, ಎಲ್ಲ ತಂದಿದ್ದಳು. ಮಾತು ಮಾತ್ರ ತಂದಿರಲಿಲ್ಲ. ಓನರ್ ಆಂಟಿ ಆರತಿ ಎತ್ತಿ, "ನೀವೇನೂ ಯೋಚನೆ ಮಾಡಬೇಡಿ, ಬಾಣಂತನಕ್ಕೆ ನಾನಿದ್ದೀನಿ" ಎಂದುಬಿಟ್ಟರು. ಅವ್ವನ ಮುಖ ಇನ್ನಷ್ಟು ಬಿಗಿಯಾಯಿತು.

ಮರುದಿನ ಗುರುವಾರ, ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವ ದಿನ; ಅವ್ವ ಅದನ್ನು ಕಣ್ಣಾರೆ ನೋಡಲಿ ಎಂದುಕೊಂಡೆ. ಕರೆದರೆ ಬರುವುದಿಲ್ಲವೆಂದು, "ನನಗ ಬಸ್ಸಿನಾಗ ಒಬ್ಬಾಕಿನ ಹೋಗಾಕ ಆಗೂದಿಲ್ಲ" ಎಂದೆ. ಬಂದಳು.

ಪ್ಲಾಸ್ಟರ್ ಕೋಣೆಯ ಹೊರಗಿನ ಬೆಂಚುಗಳ ತುಂಬ ಬಿಳಿ ಕಾಲಿನ ಕೂಸುಗಳು. ಅವ್ವ ಒಂದೊಂದನ್ನೇ ನೋಡುತ್ತ ಸೆರಗು ಬಾಯಿಗಿಟ್ಟುಕೊಂಡಳು. ಪಕ್ಕದಲ್ಲಿ ನಂದಿನಿ ಲೇಔಟಿನ ಒಬ್ಬ ತಾಯಿ ಪ್ಲಾಸ್ಟಿಕ್ ಟಬ್ಬಿನ ಬೆಚ್ಚಗಿನ ನೀರಲ್ಲಿ ಮಗುವಿನ ಹಳೆ ಪ್ಲಾಸ್ಟರ್ ನೆನೆಸಿ ಬಿಚ್ಚುತ್ತಿದ್ದಳು. ಮಗು ಚೀರುತ್ತಿತ್ತು.

"ಇದೊಂದು ದಿನ ಮಾತ್ರ ಆಂಟಿ, ಸ್ನಾನ" ಎಂದಳು ಅವ್ವನಿಗೆ. "ಹಳೇದು ಬಿಚ್ಚಿ ಹೊಸದು ಹಾಕೋವರೆಗೂ ನೀರು ಹಾಕಬಹುದು. ನಂಗೆ ಭಯ, ಜಾರಿಬಿಟ್ರೆ ಅಂತ."

ಅವ್ವ ಎದ್ದೇಬಿಟ್ಟಳು. "ಕೊಡ ಇಲ್ಲೆ, ತಂಗಿ." ನೆಲದ ಮೇಲೆ ಕೂತು ಕಾಲು ನೀಡಿದಳು.

ನರ್ಸ್ ಓಡಿ ಬಂದರು. "ಅಜ್ಜಿ, ಅಲ್ಲೆಲ್ಲ ಕೂರಬೇಡಿ, ಜಾರುತ್ತೆ!"

"ನನ್ನ ಕಾಲ ಮ್ಯಾಲಿಂದ ಇನ್ನೂತನಾ ಒಂದ ಕೂಸರ ಜಾರೇತೇನ, ಕೇಳ್ರಿ ಇಕೀನ. ಬರದ ಇಟ್ಟಾಳ ಇಕಿ."

ನರ್ಸ್ ನಕ್ಕುಬಿಟ್ಟರು. "ಸರಿ, ಪಾದ ಮಾತ್ರ ತಿರುಗಿಸಬೇಡಿ."

ಎರಡನೇ ತಂಬಿಗೆಗೆ ಮಗು ಸುಮ್ಮನಾಯಿತು. ಅವ್ವನ ಕೈ ಅಭ್ಯಾಸದಂತೆ ತೊಡೆ, ಮೊಣಕಾಲು, ಹಿಮ್ಮಡಿಯವರೆಗೆ ಇಳಿದು, ಪಾದದ ಹತ್ತಿರ ನಿಂತಿತು. ಆಕೆ ಪಾದದ ಮೇಲೆ ನೀರು ಬಿಟ್ಟಳು. ಅಷ್ಟೇ.

ಆಮೇಲೆ ಬಾಗಿಲಲ್ಲಿ ನಿಂತು ನೋಡಿದೆವು. ಡಾಕ್ಟರ್ ಮಗುವಿನ ಪಾದವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡದೆ ಕೂತಿದ್ದರು.

"ಏನೂ ಮಾಡವಲ್ಲ ನೋಡ ಅಂವ" ಎಂದಳು ಅವ್ವ ಮೆಲ್ಲಗೆ. ಆಮೇಲೆ ಕತ್ತು ಚಾಚಿ ನೋಡಿ, "ಹಿಡದಾನ. ಬಿಡವಲ್ಲ."

ಮಾಗಡಿ ರಸ್ತೆಯ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ಗುರುವಾರ ನಂದು. ಉಳದ ಆರ ದಿನ ಆ ಡಾಕ್ಟರದು. ನಿಮ್ಮ ಓನರ್ ಬಾಯಾರಿಗೆ ಹೇಳಿ ಇಡ, ಬಾಣಂತನಕ್ಕ ನಾ ಬರತೀನಿ. ಮತ್ತ ಆ ಸೋಲಾರ ಮಳ್ಯಾಗ ಕಾಯತೈತೇನ ಕೇಳ."

ಈ ಹೊತ್ತು ಸೆಪ್ಟೆಂಬರ್ ಹದಿನೈದು. ಅವ್ವ ದಸರೆಗೆ ಮೊದಲೇ ಮಣೆ ಕಟ್ಟಿಕೊಂಡು ಬರುತ್ತಾಳೆ. ಓನರ್ ಆಂಟಿ ಗುರುವಾರ ಬೆಳಗ್ಗೆ ಸೋಲಾರ್ ನೀರನ್ನು ನಮಗೇ ಬಿಟ್ಟುಕೊಡುತ್ತಾರಂತೆ. ನನ್ನ ಕೂಸು ಹುಟ್ಟುವ ಊರು ಬೆಂಗಳೂರು ಎಂದು ಬರೆಯುತ್ತಾರೆ. ಅದಕ್ಕೆ ಎರೆಯುವ ಕೈ ಗುಳೇದಗುಡ್ಡದ್ದು. ನಾನು ಎಲ್ಲಿಯವಳೆಂದು ಯಾರಾದರೂ ಕೇಳಿದರೆ ಈಗೀಗ ಒಂದು ಗಳಿಗೆ ತಡೆದು ಹೇಳುತ್ತೇನೆ.

ಒಂದು ಮಾತು ಮಾತ್ರ ಇತ್ಯರ್ಥವಾಗಿಲ್ಲ. ಪ್ಲಾಸ್ಟರುಗಳು ಮುಗಿದ ಮೇಲೆ ಕೂಸನ್ನು ಊರಿಗೆ ಕರೆದೊಯ್ದು, ನಾನು ಕೂಸಾಗಿದ್ದಾಗ ಮಲಗಿದ್ದ ಕಟ್ಟಿಗೆ ತೊಟ್ಟಿಲಲ್ಲೇ ಮಲಗಿಸಬೇಕು. ಬೂಟುಗಳ ನಡುವಿನ ಪಟ್ಟಿ ಕೂಸಿನ ಭುಜದಷ್ಟು ಅಗಲವಿರುತ್ತದಂತೆ. ಅಪ್ಪ ತೊಟ್ಟಿಲಿನ ಒಳಅಗಲ ಅಳೆದು ಒಂದು ಗೇಣು ನಾಲ್ಕು ಬೆರಳು ಎಂದಿದ್ದಾನೆ. ಮಲಗಲು ಸಾಲುತ್ತದೆ, ಕಾಲು ಝಾಡಿಸಲು ಸಾಲುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆ ಬೂಟು ಹಾಕಿದ ಕೂಸನ್ನು ಅಂಥ ತೊಟ್ಟಿಲಲ್ಲಿ ತೂಗಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ತೊಟ್ಟಿಲು ಅಗಲಿಸಲು ಬಡಿಗೇರನನ್ನು ಕರೆಸುವ ಮುನ್ನ ಅಪ್ಪ ಒಂದು ಉತ್ತರ ಬೇಕೆಂದು ಕಾದಿದ್ದಾನೆ.