ಗಾಜಿನ ಈಚೆ ನಕ್ಕವಳು

ಉತ್ತರಹಳ್ಳಿಯ ಗಾರೆ ಮೇಸ್ತ್ರಿ ಮುನಿಯಣ್ಣನ ಮಗಳು ಕಲ್ಯಾಣಿಗೆ ಜೆ.ಪಿ. ನಗರದ ಗೇಮ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ್ದು ೨೦೦೬ರಲ್ಲಿ. ಮೊಬೈಲಿನ ಆಟಗಳನ್ನು ತಾನೇ ಆಡಿ, ಆಡುವವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಬೇಸರಪಡುತ್ತಾರೆ ಎಂದು ವರದಿ ಬರೆಯಬೇಕು. ತಪ್ಪು ಹುಡುಕುವುದರಲ್ಲಿ ಅವಳ ಕಣ್ಣು ಬಲು ಚುರುಕು ಎಂದು ಹೆಸರಾಗಿತ್ತು.

ಮರುವರ್ಷ ಕಂಪನಿ ಕನ್ನಡದಲ್ಲೊಂದು ಗಾಳಿಪಟದ ಆಟ ಮಾಡಿತು. ಕಲ್ಯಾಣಿಯ ಮೇಲಧಿಕಾರಿ ವೆಂಕಟಾಚಲ, "ಗೇಮೇ ಆಡದೆ ಇರೋರ ಕೈಗೆ ಕೊಟ್ಟು ನೋಡ್ಬೇಕು. ನಿಮ್ಮನೇಲಿ ಯಾರಾದ್ರೂ ಇದ್ದಾರಾ?" ಎಂದ. ಅವಳು ಅಪ್ಪನನ್ನು ಕರೆದಳು. ಮುನಿಯಣ್ಣ ಅವತ್ತು ಗಾರೆ ಕೆಲಸ ಬಿಟ್ಟು, ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಬಿಳಿ ಶರಟು ತೊಟ್ಟು ಬಂದ.

ಅವನನ್ನು ಗಾಜಿನ ಕೋಣೆಯೊಳಗೆ ಕೂರಿಸಿದರು. ಉಳಿದವರೆಲ್ಲ ಈಚೆ ನಿಂತು, ಅವನ ಕೈಯಲ್ಲಿದ್ದ ಫೋನಿನ ಪರದೆಯನ್ನು ಕ್ಯಾಮೆರಾ ಮೂಲಕ ಟಿವಿಯಲ್ಲಿ ನೋಡುತ್ತಿದ್ದರು. ಆಡುವುದು ಹೇಗೆಂಬ ಸೂಚನೆ ಮೂಡಿತು. ಮುನಿಯಣ್ಣ ಅಕ್ಷರ ಕೂಡಿಸಿ ಓದುವವನು. "ದಾ... ರ... ಎ..." ಎನ್ನುವಷ್ಟರಲ್ಲಿ ಸೂಚನೆ ಮಾಯ, ಪಟ ನೆಲಕ್ಕೆ. ನಾಲ್ಕನೇ ಸಲ ಅವನು ಫೋನಿಗೇ, "ತಡಿಯಪ್ಪಾ, ಓದ್ತಾ ಇವ್ನಿ!" ಎಂದು ಅಂಗಲಾಚಿದ.

ಎಲ್ಲರೂ ಗೊಳ್ಳೆಂದರು. ಅಪ್ಪನ ಜೊತೆ ತಾನೂ ನಗೆಪಾಟಲಾದೇನೆಂಬ ಭಯಕ್ಕೆ ಕಲ್ಯಾಣಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಮುನಿಯಣ್ಣ ತಲೆಯೆತ್ತಿದ. ಮಗಳ ಮುಖ ನೋಡಿ, ತಾನೂ ಸಣ್ಣಗೆ ನಕ್ಕ.

ಸಂಜೆ ಬಸ್ಸಿನಲ್ಲಿ ಅವನು ಕೇಳಿದ್ದು ಒಂದೇ ಮಾತು: "ನಾನು ಸರ್ಯಾಗಿ ಆಡ್ಲಿಲ್ಲ ಅಂತ ನಿನ್ ಕೆಲ್ಸಕ್ಕೇನೂ ತೊಂದ್ರೆ ಆಗಲ್ವೇನವ್ವ?"

"ಇಲ್ಲಪ್ಪ," ಎಂದು ಕಿಟಕಿಯತ್ತ ತಿರುಗಿದಳು. 'ಓದು ಕಡಿಮೆ ಇರುವವರಿಗೆ ಕಷ್ಟ. ಆಟದಲ್ಲಿ ದೋಷವಿಲ್ಲ' ಎಂದು ಆಗಲೇ ವರದಿ ಬರೆದು ಬಂದಿದ್ದಳು. ಅವಳು ಆ ಆಟವನ್ನು ನಲವತ್ತು ಸಲ ಆಡಿದ್ದಳು. ಸೂಚನೆ ಮೊದಲೇ ಬಾಯಿಪಾಠವಾಗಿದ್ದರಿಂದ ಪರದೆಯ ಮೇಲೆ ಒಂದು ಸಲವೂ ಅದನ್ನು ಓದಿರಲಿಲ್ಲ.

ಮರುದಿನ ವರದಿ ತಿದ್ದಿದಳು: 'ಸೂಚನೆ ಎರಡೇ ಸೆಕೆಂಡು ನಿಲ್ಲುತ್ತದೆ. ಆಡಿದವರ ತಪ್ಪಿಲ್ಲ. ನಾನು ಗಮನಿಸಲಿಲ್ಲ.'

"ನಿಮ್ ಮೇಲೆ ನೀವೇ ಬರ್ಕೊಂಡಿದೀರಲ್ಲ?" ಎಂದ ವೆಂಕಟಾಚಲ.

"ಹಾಗೇ ಇರ್ಲಿ ಸಾರ್."

ಗುಂಡಿ ಒತ್ತುವವರೆಗೂ ಸೂಚನೆ ನಿಲ್ಲುವಂತೆ ಆಟ ಬದಲಾಯಿತು. "ಅಂಕಲ್‌ನ ಇನ್ನೊಂದ್ಸಲ ಕರ್ಕೊಂಡ್ ಬನ್ನಿ, ಈಗ ಆಡ್ತಾರೆ" ಎಂದು ವೆಂಕಟಾಚಲ ಖುಷಿಯಿಂದ ಹೇಳಿದ. ಅಪ್ಪನನ್ನು ಕೇಳಲು ಕಲ್ಯಾಣಿಗೆ ಮುಖವಿರಲಿಲ್ಲ.

"ಅವ್ರಿಗೆ ಬಿಡುವಿಲ್ಲ ಸಾರ್," ಎಂದು ಸುಳ್ಳು ಹೇಳಿದಳು.